ಮಾವಿನ ಸೊಪ್ಪು ಕಟ್ಟಿಸಿಕೊಂಡ ಸರ್ವೆ ಕಂಬಗಳು

ಇವತ್ತು ನಾಗಮಂಗಲದಲ್ಲಿ, ಕಟ್ಟುತ್ತಿರುವ ಮನೆಯೊಂದರ ಮುಂದೆ ಹಸಿ ಸರ್ವೆ ಕಂಬಗಳ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಅಂಗಿಗೂ ಅದೇ ವಾಸನೆಯಿತ್ತು. ಅವರು ಸೆಂಟ್ರಿಂಗ್ ಮೇಸ್ತ್ರಿ. ತಾರಸಿಯ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಕಂಬಗಳನ್ನು ನಿಲ್ಲಿಸುತ್ತಿದ್ದರು. ಒಂದೊಂದು ಕಂಬವನ್ನೂ ಅಂಗೈಯಿಂದ ತಟ್ಟಿ ನೋಡದೆ ಮನೆಗೆ ಬರುತ್ತಿರಲಿಲ್ಲ.

ನಾನು ಚಿಕ್ಕ ಮಗುವಾಗಿದ್ದಾಗಿನ ಮಾತು. ತೊಣ್ಣೂರಿನ ಹತ್ತಿರ ಗೌಡರೊಬ್ಬರ ಮನೆಗೆ ತಾರಸಿ ಹಾಕಿ ಇನ್ನೂ ವಾರವಾಗಿರಲಿಲ್ಲ.

"ನಾಳೆ ಗೃಹಪ್ರವೇಶ. ಕಂಬ ಬಿಚ್ಬುಡು ಕಣ್ಲಾ" ಎಂದರು ಗೌಡರು ಅಪ್ಪನಿಗೆ.

"ಈಗ್ಲೇ ಬಿಚ್ಚುದ್ರೆ ತಾರಸಿ ಕುಸೀತದೆ ಗೌಡ್ರೆ. ನಾನು ಬಿಚ್ಚಾಕಿಲ್ಲ."

"ಅಂಗಾದ್ರೆ ಬೇರೆಯೋರ ಕೈಲಿ ಬಿಚ್ಚುಸ್ತೀನಿ."

ಅಪ್ಪ ಒಳಗೆ ಹೋಗಿ ಕಂಬಗಳ ನಡುವೆ ಕೂತುಬಿಟ್ಟರು. "ಬಿಚ್ಚುಸಿ. ನಾನು ಇಲ್ಲೇ ಕುಂತಿರ್ತೀನಿ."

ಬುತ್ತಿ ತಂದಿದ್ದ ನಾನು ಹೆದರಿ ಜೋರಾಗಿ ಅತ್ತೆ. ಗೌಡರ ತಾಯಿ ಓಡಿ ಬಂದು ನನ್ನನ್ನು ಎತ್ತಿಕೊಂಡು, ಮಗನನ್ನು ಗದರಿದರು: "ಅವ್ನು ಜೀವ ಒತ್ತೆಯಿಟ್ಟು ಯೋಳ್ತಾವ್ನೆ ಕಣ್ಲಾ! ಕಂಬ ಇದ್ರೆ ಪೂಜೆ ಆಗಾಕಿಲ್ವಾ?"

ಮರುದಿನ ಆ ಕಂಬಗಳಿಗೇ ಮಾವಿನ ಸೊಪ್ಪು ಕಟ್ಟಿ ಪೂಜೆ ಮಾಡಿದರು. ಆ ಅಜ್ಜಿ ಮೊದಲ ತಾಂಬೂಲವನ್ನು ಅಪ್ಪನ ಕೈಗೇ ಕೊಟ್ಟರು.

ಪಾಂಡವಪುರದ ಬಸ್ಸಿನಿಂದ ಆ ಮನೆ ಈಗಲೂ ಕಾಣುತ್ತದೆ. ಪಕ್ಕದಲ್ಲಿ ಯಾರೇ ಕೂತಿರಲಿ, "ಅದು ನಮ್ಮಪ್ಪ ನಿಲ್ಲಿಸಿದ ಮನೆ" ಎಂದು ಹೇಳಿಯೇ ಹೇಳುತ್ತೇನೆ.