ತಮಟೆ ಗೂಟದಲ್ಲೇ ಇತ್ತು

ನಮ್ಮ ಯಜಮಾನರು ಕೆಂಪಯ್ಯನವರು ದೊಡ್ಡೇರಿ ಹತ್ತಿರದ ನಮ್ಮೂರಿನಲ್ಲಿ ಇಪ್ಪತ್ತೆರಡು ವರ್ಷ ಡಂಗುರ ಸಾರಿದರು. ಆ ಚಾಕರಿಗೆ ಕೆರೆಯ ಹಿಂದೆ ಒಂದೂವರೆ ಎಕರೆ ಇನಾಮತಿ ಹೊಲ. ತಮಟೆ ಹಿಡಿದವರಿಗೇ ಹೊಲ. ನಮ್ಮ ಆರು ಜನರ ಹಿಟ್ಟು ಅದರಿಂದಲೇ ಬರಬೇಕು.

ಸ್ವರಾಜ್ಯದವರು ಬಾವುಟ ಹಾರಿಸಿದ ಗಲಾಟೆಯ ವರ್ಷ, ಮಾಘದ ಒಂದು ಸೋಮವಾರ, ಸಂಜೆ ಕೆರೆ ಏರಿಯ ಮೇಲೆ ಸಭೆ ಎಂದು ಗಂಗಾಧರಯ್ಯ ಮೇಷ್ಟ್ರು ಹೇಳಿದ್ದರು. ನಮ್ಮ ಕೇರಿಯವರೂ ಎಲ್ಲರ ಜೊತೆಯಲ್ಲೇ ಕೂರಬೇಕು ಎಂದಿದ್ದರು. ಮಧ್ಯಾಹ್ನ ಅಮಲ್ದಾರರ ಹುಕುಂ ಬಂತು: ಯಾರೂ ಗುಂಪು ಸೇರಕೂಡದು. ನಾಲ್ಕು ಬೀದಿಯಲ್ಲಿ ಡಂಗುರ ಸಾರಿದ ಮೇಲೆಯೇ ಹುಕುಂ ಊರಿಗೆ ಬಂದ ಹಾಗೆ. ಸಾರದಿದ್ದರೆ ಯಾರನ್ನೂ ಹಿಡಿಯುವಂತಿಲ್ಲ.

"ಜ್ವರ ಅಂತ ಮಲೀಕ್ಕಳಿ," ಎಂದೆ.

"ಜ್ವರ ಅಂದ್ರೆ, ಜ್ವರ ಬುಟ್ಟ ಮ್ಯಾಲೆ ಬಾರ್ಸು ಅಂತಾರೆ ಕಣಮ್ಮಿ. ಸುಮ್ಕೆ ಕುಂತ್ಕತೀನಿ."

ಪಟೇಲ್ ಚನ್ನಮಲ್ಲಯ್ಯನವರು ಪೊಲೀಸು ದಫೇದಾರನನ್ನು ಕರೆದುಕೊಂಡು ಬಂದರು. ಇವರು ಎದ್ದು ಕೈಮುಗಿದರು.

"ಲೇ ಕೆಂಪ, ತಮಟೆ ಕಾಯ್ಸ್‌ಲಾ."

"ಇಲ್ಲ ಬುದ್ಧಿ."

"ಮೈ ಸರಿಯಿಲ್ವೇನ್ಲಾ?"

"ಚೆಂದಾಗೈತೆ ಬುದ್ಧಿ."

"ಮತ್ತೇನ್ಲಾ ದಾಡಿ ನಿಂಗೆ?"

"ಇವತ್ತು ಬಾರ್ಸಾಕಿಲ್ಲ."

ಸಭೆಗೆ ಹೊತ್ತಾಗುತ್ತಿದೆಯೆಂದು ದಫೇದಾರ ಸೂರ್ಯನ ಕಡೆ ನೋಡಿದ. "ಪಟೇಲ್ರೇ, ನೀವೇ ತಗೊಂಡು ಬಡೀರಿ," ಎಂದ.

ಪಟೇಲರು ಎರಡು ಹೆಜ್ಜೆ ಹಿಂದೆ ಸರಿದರು. "ಆ ತೊಗಲು ನಾ ಮುಟ್ಟಾದಾ? ನೀವೇ ಮುಟ್ರಿ ಸ್ವಾಮಿ."

ದಫೇದಾರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಗೂಟದಾಗೈತೆ ಬುದ್ಧಿ. ಯಾರಾನಾ ತಗಳಿ, ನಾನೇನೂ ಅಡ್ಡ ಬರಾಕಿಲ್ಲ," ಎಂದರು ಇವರು.

ಪಕ್ಕದ ಮನೆಯ ಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ಮುಟ್ರಪ್ಪಾ, ಕಚ್ಚಾಕಿಲ್ಲ ಅದು!"

"ಹೊಲ ಕಿತ್ಕತೀನಿ ಕಣ್ಲಾ!" ಎಂದು ಪಟೇಲರು ಹೊರಟರು.

ಸಭೆ ನಡೆಯಿತು. ಇವರೂ ಏರಿಯ ಮೇಲೆ ಕೂತರು. ಒಬ್ಬರನ್ನೂ ಹಿಡಿಯಲಿಲ್ಲ.

ಮೂರನೆಯ ದಿನ ಹೊಲ ಹೋಯಿತು. ಹೊಲ ಒಪ್ಪಿಕೊಂಡು ತಮಟೆ ಹಿಡಿಯುವವರನ್ನು ಪಟೇಲರು ಏಳು ಊರಿನ ಕೇರಿಗಳಲ್ಲಿ ಹುಡುಕಿದರು. ನಮ್ಮ ಯಜಮಾನರು ಯಾರಿಗೂ ಬೇಡವೆಂದು ಹೇಳಿ ಕಳಿಸಲಿಲ್ಲ. ಆದರೂ ಯಾರೂ ಬರಲಿಲ್ಲ. ನಾವು ಕೂಲಿ ಮಾಡಿದೆವು. ಹೊಲ ಬೀಳು ಬಿತ್ತು. ಸಾರುವವರಿಲ್ಲದೆ ದನದ ಡಾಕ್ಟರು ಬರುವ ದಿನವೂ ಊರಿಗೆ ತಿಳಿಯಲಿಲ್ಲ; ಅದಕ್ಕೆ ಅಮಲ್ದಾರರು ಪಟೇಲರನ್ನು ಎರಡು ಸಲ ಕರೆಸಿ ಬೈದರಂತೆ.

ಹದಿನಾಲ್ಕು ತಿಂಗಳಾದ ಮೇಲೆ ಪಟೇಲರೇ ಕೇರಿಗೆ ಬಂದರು.

"ಹೊಲ ಉತ್ಕಳ್ಲಾ."

"ಸಭೆ ಬ್ಯಾಡ ಅಂತ ಮಾತ್ರ ಸಾರಾಕಿಲ್ಲ ಬುದ್ಧಿ."

"ಅದೊಂದು ಬುಟ್ಟು ಸಾರು, ಹಾಳಾಗೋಗು!"

ಮಾರನೆಯ ಬೆಳಿಗ್ಗೆ ಇವರು ಒಂದು ಜೋಡಿ ಎತ್ತು ಕೇಳಿ ತಂದರು. ನಾನು ಕುಡುಗೋಲು ಹಿಡಿದು ಮುಂದೆ ಹೋಗಿ ಬೀಳಿನ ಮುಳ್ಳು ಸವರತೊಡಗಿದೆ.