ಉಣಕಲ್ ಬಳಿ ನಿಂತ ಪಂಪು

ಕಾಕಾನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ಯುವಾಗ ಉಣಕಲ್ ಕೆರೆಯ ಹತ್ತಿರ, ನಾನು ನಡೆಸುತ್ತಿದ್ದ ಅವರದೇ ಹಳೆಯ ಕಾರು ನಿಂತಿತು. ಅದರ ಪೆಟ್ರೋಲ್ ಪಂಪು ಬ್ಯಾಟರಿಯ ಕರೆಂಟಿನಿಂದ ಟಕ್‌ಟಕ್ ಎಂದು ನಡೆಯುವಂಥದು.

"ಪಂಪಿನ ಸಪ್ಪಳ ಐತೇನೊ?" ಹಿಂದಿನ ಸೀಟಿನಲ್ಲಿ ಕಾಕಿಯ ತೊಡೆಯ ಮೇಲೆ ಮಲಗಿದ್ದ ಕಾಕಾ ಏದುಸಿರಿನಲ್ಲೇ ಕೇಳಿದರು.

"ಈಗಿನ ತನಕ ಇತ್ರಿ." ನಿಜಕ್ಕೂ ಕೇಳಿದ್ದೆನೋ, ದಿನದ ರೂಢಿಯಿಂದ ಹಾಗೆ ಅನಿಸಿತ್ತೋ, ಹೇಳಲಾರೆ.

"ದೇವರಿಗೇ ಪುರಾವೆ ಕೇಳಾಂವ ನೀ, ಪಂಪಿಗೂ ಕೇಳು. ಬ್ಯಾಟರಿಯಿಂದ ನೆಟ್ಟಗ ಬ್ಯಾರೆ ವಾಯರ್ ಹಚ್ಚು. ಟಕ್‌ಟಕ್ ಅಂತ ಬಡಕೊಂಡರ ಪಂಪು ಛಲೋ ಐತಿ, ಹಳೇ ವಾಯರ್ ಹರದೈತಿ."

ಹಚ್ಚಿದೆ. ಟಕ್‌ಟಕ್ ಶುರುವಾಯಿತು.

"ಕೇಳಿಸ್ತೇನ್ರಿ ಕಾಕಾ?"

"ಲಗೂ ನಡಿಯಪಾ" ಎಂದರು ಕಾಕಿ, ಕಾಕಾನ ಬದಲಿಗೆ.

ದವಾಖಾನೆಯವರೆಗೂ ಪಂಪಿನ ಸದ್ದನ್ನಷ್ಟೇ ಕೇಳುತ್ತ ಹೋದೆ. ಪುರಾವೆ ಬೇಡವಾಗಿತ್ತು; ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.