ಹಾಲ್ ಟಿಕೆಟ್ ಬಾರದ ವರ್ಷ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ತಂಬಾಕು ಎಲೆ ಒಣಗಿಸಿ ಹದ ಮಾಡುವ ಬ್ಯಾರನ್ನುಗಳ ಸಾಲು ಮುಗಿಯುವಲ್ಲಿ, ಬಿಳಿ ಕಂಬಗಳ ಒಂದು ಶಾಲೆ ಇತ್ತು. ಹೆಸರಿನ ಕೊನೆಗೆ ಇಂಟರ್‌ನ್ಯಾಷನಲ್ ಎಂದು ಇದ್ದುದರಿಂದ ಸುತ್ತಲ ಊರಿನವರು ಅದನ್ನು 'ಇಂಟರ್‌ನ್ಯಾಷನಲ್ಲು' ಎಂದೇ ಕರೆಯುತ್ತಿದ್ದರು. ಪದ್ಮಶ್ರೀ ಅಲ್ಲಿ ಎಂಟು ವರ್ಷ ಕನ್ನಡ ಪಾಠ ಮಾಡಿದಳು.

ಅವಳು ಹುಟ್ಟಿದ್ದು ಕೆ.ಆರ್. ನಗರ ತಾಲ್ಲೂಕಿನ ಕಾಲುವೆ ಬಯಲಿನ ಹಳ್ಳಿಯಲ್ಲಿ. ಮೈಸೂರಿನಲ್ಲಿ ಬಿ.ಎಡ್. ಮಾಡಿ, ಸರ್ಕಾರಿ ಮೇಷ್ಟ್ರ ಕೆಲಸಕ್ಕೆ ಎರಡು ಸಲ ಪರೀಕ್ಷೆ ಬರೆದು, ಎರಡು ಸಲವೂ ಸ್ವಲ್ಪದರಲ್ಲಿ ಅವಕಾಶ ಕಳೆದುಕೊಂಡವಳು. ಹುಣಸೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ರಘುವನ್ನು ಮದುವೆಯಾದ ಮೇಲೆ ಈ ಶಾಲೆಗೆ ಸೇರಿದಳು. ಕಂಠ ಚೆನ್ನಾಗಿತ್ತು. ಮೊದಲ ವರ್ಷವೇ ವಾರ್ಷಿಕೋತ್ಸವದ ನಿರೂಪಣೆ ಅವಳ ಪಾಲಿಗೆ ಬಂತು, ಆಮೇಲೆ ಯಾರೂ ಅದನ್ನು ಬೇರೆಯವರಿಗೆ ಕೊಡುವ ಮಾತೇ ಎತ್ತಲಿಲ್ಲ. ಡಿಸೆಂಬರ್ ಕಳೆಯಿತೆಂದರೆ ಅವಳಿಗೆ ಪಾಠಕ್ಕಿಂತ ಅದೇ ಕೆಲಸ ಹೆಚ್ಚು. ಯಾವ ಹಾಡಿಗೆ ಯಾವ ತರಗತಿ, ಯಾರಿಗೆ ನವಿಲಿನ ರೆಕ್ಕೆ, ಯಾರ ಅಪ್ಪ ಅಮ್ಮ ಮುಂದಿನ ಕುರ್ಚಿ ಕೇಳುತ್ತಾರೆ, ಎಲ್ಲ ಅವಳೇ ನೋಡಬೇಕು. ಬೈದುಕೊಂಡೇ ಮಾಡುತ್ತಿದ್ದಳು, ಆದರೆ ಅವಳಿಗೆ ಅದು ಇಷ್ಟವಿತ್ತು.

ಶೃತಿಯನ್ನು ಆ ಶಾಲೆಗೆ ತಂದು ಸೇರಿಸಿದವಳೂ ಅವಳೇ. ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಗೆ ತೀರ್ಪುಗಾರಳಾಗಿ ಹೋಗಿದ್ದಾಗ, ಗುರುಪುರದ ಸರ್ಕಾರಿ ಶಾಲೆಯ ಏಳನೇ ತರಗತಿ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಒಂದೇ ಒಂದು ಕಡೆ ತಡವರಿಸದೆ ಭಾಷಣ ಮಾಡಿದಳು. ವಿಚಾರಿಸಿದಾಗ ತಂದೆ ಇಲ್ಲವೆಂದು ತಿಳಿಯಿತು. ತಾಯಿ ಮರಮ್ಮ ಊರ ಪಕ್ಕದ ಟಿಬೆಟಿಯನ್ ಕ್ಯಾಂಪಿನ ಒಂದು ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಪದ್ಮಶ್ರೀ ಶಾಲೆಯ ಚೇರ್ಮನ್ನರ ಹತ್ತಿರ ಮಾತಾಡಿ ಫೀಸು ಅರ್ಧ ಮಾಡಿಸಿ, ಸ್ಕೂಟರಿನಲ್ಲಿ ಗುರುಪುರಕ್ಕೆ ಹೋದಳು.

"ಇಲ್ಲೇ ಇದ್ರೆ ಈ ಹುಡುಗಿ ಹಾಳಾಗ್ತಾಳೆ ಮರಮ್ಮ. ನನ್ನ ಕೈಗೆ ಕೊಡಿ," ಅಂದಿದ್ದಳು.

ಮರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನಮಗೇನ್ ಗೊತ್ತಾಯ್ತದವ್ವ, ನೀವು ಓದ್ದೋರು. ನೀವು ಯೋಳ್ದಂಗೆ," ಅಂದಳು.

ಶೃತಿ ಎಂಟನೇ ತರಗತಿಗೆ ಬಂದಳು. ಮೊದಲ ವರ್ಷ ಇಂಗ್ಲಿಷಿನಲ್ಲಿ ಒದ್ದಾಡಿದಳು. ಹತ್ತನೇ ತರಗತಿಯ ಹೊತ್ತಿಗೆ ಮೈಸೂರಿನ ಒಂದು ಚರ್ಚಾ ಸ್ಪರ್ಧೆಯಲ್ಲಿ ಅದೇ ಇಂಗ್ಲಿಷಿನಲ್ಲಿ ಮಾತಾಡಿ ಮೊದಲ ಬಹುಮಾನ ತಂದಳು. ಆ ವರ್ಷದ ವಾರ್ಷಿಕೋತ್ಸವದಲ್ಲಿ 'ವರ್ಷದ ವಿದ್ಯಾರ್ಥಿ' ಶೀಲ್ಡು ಅವಳಿಗೇ ಎಂದು ನಿರ್ಧಾರವಾಯಿತು.

ಫೆಬ್ರವರಿಯ ಒಂದು ಶನಿವಾರ. ಶಾಮಿಯಾನ ಎದ್ದಿತ್ತು, ಬಣ್ಣದ ಕುರ್ಚಿಗಳು ಬಂದಿದ್ದವು, ಎಲ್‌ಕೆಜಿ ಮಕ್ಕಳು ಬೆಳಿಗ್ಗೆಯೇ ಲಿಪ್‌ಸ್ಟಿಕ್ ಹಚ್ಚಿಸಿಕೊಂಡು ಅದನ್ನು ನೆಕ್ಕುತ್ತ ಕೂತಿದ್ದವು. ಹತ್ತನೇ ತರಗತಿಯವರಿಗೆ ದೀಪ ಕೊಟ್ಟು ಬೀಳ್ಕೊಡುವುದು ಆ ಶಾಲೆಯ ಪದ್ಧತಿ. ಹಿಂದಿನ ಎರಡು ತಂಡಗಳಿಗೆ ದೀಪದ ಜೊತೆಗೇ ವೇದಿಕೆಯ ಮೇಲೆ ಪರೀಕ್ಷೆಯ ಹಾಲ್ ಟಿಕೆಟ್ ಕೂಡ ಕೊಟ್ಟಿದ್ದರು. ಅದನ್ನು ಕೇಳಲೆಂದೇ ಪದ್ಮಶ್ರೀ ಆಫೀಸಿಗೆ ಹೋದಳು.

ಗುಮಾಸ್ತ ಗೋವಿಂದಯ್ಯ ಅವಳ ತವರಿನ ಕಡೆಯವರು, ವಯಸ್ಸಾದವರು. ಅವಳನ್ನು ನೋಡಿ, "ಬಾಗಿಲು ಹಾಕ್ಕೊಂಡು ಬಾ ಕಣವ್ವ," ಅಂದರು.

"ಹಾಲ್ ಟಿಕೆಟ್ ಎಲ್ಲಿ ಗೋವಿಂದಯ್ಯನೋರೆ? ಬೇರೆ ಸ್ಕೂಲಿಗೆಲ್ಲ ಬಂದಿದ್ಯಂತೆ."

"ನಮಗೆ ಬಂದಿಲ್ಲ. ಬರದೂ ಇಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅವರು ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಸರಿಸುತ್ತ ಹೇಳಿದರು. ಶಾಲೆಗೆ ಅನುಮತಿ ಇದ್ದದ್ದು ಎಂಟನೇ ತರಗತಿಯವರೆಗೆ ಮಾತ್ರ. ಹಿಂದಿನ ಎರಡು ವರ್ಷ ಹತ್ತನೇ ತರಗತಿ ಮಕ್ಕಳ ಹೆಸರನ್ನು ಮೈಸೂರಿನ ಬೇರೊಂದು ಶಾಲೆಯ ಮಕ್ಕಳೆಂದು ತೋರಿಸಿ ಪರೀಕ್ಷೆಗೆ ಕೂರಿಸಿದ್ದರು. ಈ ವರ್ಷ ಆ ಶಾಲೆಯವರು ಆಗುವುದಿಲ್ಲ ಎಂದುಬಿಟ್ಟರು. ಚೇರ್ಮನ್ನರು ಇನ್ನೊಂದು ಶಾಲೆ ಹುಡುಕುತ್ತೇನೆ ಎನ್ನುತ್ತಲೇ ಕಳೆದರು. ಹೆಸರು ಕೊಡುವ ದಿನ ಮುಗಿಯಿತು, ದಂಡ ಕಟ್ಟಿ ಕೊಡುವ ದಿನವೂ ಮುಗಿಯಿತು.

"ಹನ್ನೊಂದು ಮಕ್ಕಳು ಗೋವಿಂದಯ್ಯನೋರೆ."

"ಊ ಕಣವ್ವ. ನಿಂಗೂ ಗೊತ್ತಿತ್ತೇನೋ ಅಂದ್ಕಂಡಿದ್ದೆ."

ಅವಳಿಗೆ ಅರ್ಧ ಗೊತ್ತಿತ್ತು. ಹಿಂದಿನ ವರ್ಷದ ಹಾಲ್ ಟಿಕೆಟ್ಟಿನಲ್ಲಿ ಬೇರೆ ಶಾಲೆಯ ಹೆಸರಿದ್ದುದನ್ನು ನೋಡಿ ಕೇಳಿದ್ದಳು. ಅದು ಟೆಕ್ನಿಕಲ್ ವಿಷಯ ಮೇಡಂ ಎಂದು ಚೇರ್ಮನ್ನರು ಅಂದಿದ್ದರು. ಅವಳು ಮತ್ತೆ ಕೇಳಿರಲಿಲ್ಲ.

ಚೇರ್ಮನ್ನರು ವೇದಿಕೆಯ ಹಿಂದೆ ಅತಿಥಿಗಳ ಹಾರವನ್ನು ತಾವೇ ಎತ್ತಿ ನೋಡುತ್ತಿದ್ದರು. ಅವಳು ಹೋಗಿ ಕೇಳಿದಳು. ಅವರು ಸಿಟ್ಟಾಗಲಿಲ್ಲ, ದನಿ ಏರಿಸಲೂ ಇಲ್ಲ.

"ಬೆಂಗಳೂರಲ್ಲಿ ಮಾತಾಡಿದ್ದೀನಿ ಮೇಡಂ, ಆಗುತ್ತೆ. ಇವತ್ತು ಸ್ಟೇಜ್ ನೋಡ್ಕೊಳಿ. ಪೇರೆಂಟ್ಸ್ ಮುಂದೆ ಮುಖ ಹಿಂಗಿಟ್ಕೋಬೇಡಿ."

ಅವಳು ವೇದಿಕೆ ಹತ್ತಿದಳು. ಮಾಡಬಾರದಿತ್ತು ಎಂದು ಆಮೇಲೆ ಅದೆಷ್ಟೋ ಸಲ ಅಂದುಕೊಂಡಳು. ಆದರೆ ಆ ಹೊತ್ತಿಗೆ ಮೈಕು ಕೈಗೆ ಬಂದಿತ್ತು, ಎದುರಿಗೆ ಜನ ಕೂತಿದ್ದರು, ಆಗುತ್ತೆ ಎಂಬ ಮಾತು ಕಿವಿಯಲ್ಲಿತ್ತು. ಸ್ವಾಗತ ಹೇಳಿದಳು. ಪ್ರಿನ್ಸಿಪಾಲರು ವರ್ಷದ ಸಾಧನೆಗಳನ್ನು ಓದಿದರು. ಯೋಗದಲ್ಲಿ ಇಷ್ಟು ಪದಕ, ಅಬಾಕಸ್‌ನಲ್ಲಿ ಇಷ್ಟು, ಹತ್ತನೇ ತರಗತಿಯಲ್ಲಿ ಸತತವಾಗಿ ಶೇಕಡಾ ನೂರು ಫಲಿತಾಂಶ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಶೃತಿಯ ಹೆಸರು ಕರೆಯಬೇಕಾಗಿ ಬಂತು. ಹುಡುಗಿ ಶೀಲ್ಡನ್ನು ಎರಡು ಕೈಯಲ್ಲೂ ಹಿಡಿದು, ಕೇಳಿದವರೆಲ್ಲ ನಗುವಂತೆ ನಾಲ್ಕು ಮಾತಾಡಿದಳು.

ಕಾರ್ಯಕ್ರಮ ಮುಗಿದ ಮೇಲೆ ಮರಮ್ಮ ಹುಡುಕಿಕೊಂಡು ಬಂದಳು. ಹೊಸ ಸೀರೆ ಉಟ್ಟಿದ್ದಳು.

"ಮಿಸ್, ಪರೀಕ್ಸೆ ಆದ್ಮೇಲೆ ಇವಳ್ನ ಎಲ್ಲಿಗೆ ಸೇರಿಸ್ಲಿ? ಸೈನ್ಸೇ ಬೇಕು ಅಂತವ್ಳೆ."

"ನೋಡೋಣ ಮರಮ್ಮ," ಎಂದಷ್ಟೇ ಹೇಳಲು ಅವಳಿಂದಾಯಿತು.

ಸೋಮವಾರ ರಜೆ ಹಾಕಿ ಓಡಾಡಲು ಶುರು ಮಾಡಿದಳು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಒಬ್ಬ ಅಧಿಕಾರಿ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಕೊಂಡರು. "ಡಿಸೆಂಬರಲ್ಲಿ ಬಂದಿದ್ರೆ ಏನಾದ್ರೂ ಮಾಡಬಹುದಿತ್ತಮ್ಮ. ಈಗ ಯಾರ ಕೈಯಲ್ಲೂ ಇಲ್ಲ," ಅಂದರು. ಅವರ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಮೈಸೂರಿಗೆ ಹೋಗಿ, ಹಿಂದೆ ಮಕ್ಕಳನ್ನು ಸೇರಿಸಿಕೊಂಡಿದ್ದ ಶಾಲೆಯ ಹೆಡ್ಮಾಸ್ಟರನ್ನು ಕಂಡಳು. ಅವರು ನಿಂತುಕೊಂಡೇ ಮಾತಾಡಿದರು. ಅವಳು ಕುರ್ಚಿಯಿಂದೆದ್ದು ಅವರ ಕಾಲಿಗೆ ಬಗ್ಗಿದಳು. ಅವರು ಹಿಂದೆ ಸರಿದು, "ಎದ್ದೇಳಿ ಮೇಡಂ, ಈಗ ಕೈ ಹಾಕಿದ್ರೆ ನಮ್ಮ ಮಕ್ಕಳೂ ಪರೀಕ್ಷೆಯಿಂದ ಹೊರಗೆ ಬೀಳ್ತಾರೆ," ಅಂದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ತನಕ ಬಿಸಿಲಲ್ಲಿ ನಡೆದಳು. ಎಲ್ಲಿಗೆ ಹೋಗುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ.

ಚೇರ್ಮನ್ನರ ಫೋನು ಬುಧವಾರದಿಂದ ಸ್ವಿಚ್ ಆಫ್ ಆಯಿತು. ಶಾಲೆಯಲ್ಲಿ ಮಾತ್ರ ರಿವಿಜನ್ ನಡೆದೇ ಇತ್ತು. ಅವಳು ತರಗತಿಗೆ ಹೋದಾಗ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿ, ಪತ್ರಲೇಖನಕ್ಕೆ ಎಷ್ಟು ಅಂಕ ಎಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದಳು.

ರಘು, "ಬುಡು ಪದ್ಮಾ, ನೀನೇನ್ ಮಾಡಕಾಯ್ತದೆ? ಅವ್ರು ಮಾಡಿದ್ದು, ಅವ್ರೇ ಹೇಳ್ಲಿ," ಅಂದ.

"ಅವ್ರು ಹೇಳಲ್ಲ. ಪರೀಕ್ಷೆ ದಿನ ಗೇಟ್ ಹತ್ರ ಗೊತ್ತಾಗುತ್ತೆ ಆ ಮಕ್ಳಿಗೆ."

"ಹೇಳಿದ್ರೆ ಕೆಲ್ಸ ಹೋಯ್ತದೆ."

"ಹೋಗ್ಲಿ."

ರಘು ಮರುದಿನ ಬೆಳಿಗ್ಗೆ ಅವಳ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ ತಂದು ನಿಲ್ಲಿಸಿದ.

ಮೊದಲು ಗುರುಪುರಕ್ಕೇ ಹೋದಳು. ಮರಮ್ಮ ಹೋಟೆಲಿನ ಹಿಂಭಾಗದಲ್ಲಿ ಮೊಮೊಗೆ ಹಿಟ್ಟು ನಾದುತ್ತಿದ್ದಳು. ಪದ್ಮಶ್ರೀ ನಿಂತೇ ಹೇಳಿಬಿಟ್ಟಳು. ಮರಮ್ಮನ ಕೈ ನಿಲ್ಲಲಿಲ್ಲ. ಹಿಟ್ಟು ನಾದುತ್ತಲೇ ಇದ್ದಳು.

"ಅಂಗಂದ್ರೆ ಏನ್ ಮಿಸ್? ಓದಿಲ್ಲ ಅಂತವ್ರಾ?"

"ಓದಿದ್ದಾಳೆ. ಆದ್ರೆ ಪರೀಕ್ಷೆ ಬರೆಯಕ್ಕೆ ಬಿಡಲ್ಲ. ಅವಳ ಹೆಸರು ಎಲ್ಲೂ ಇಲ್ಲ."

"ಮೊನ್ನೆ ನೀವೇ ಅಲ್ವಾ ಮೈಕಲ್ಲಿ ಅವಳ ಹೆಸ್ರು ಕೂಗಿದ್ದು?"

ಪದ್ಮಶ್ರೀ ಹೌದೆಂದು ತಲೆಯಾಡಿಸಿದಳು.

"ಆವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮರಮ್ಮ ಆಗ ಕೈ ನಿಲ್ಲಿಸಿದಳು. ಬೈಯಲಿಲ್ಲ, ಅಳಲಿಲ್ಲ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, "ನೀವು ಹೊಂಟೋಗಿ ಮಿಸ್. ನಾನ್ ಕೆಲ್ಸ ಮಾಡ್ಬೇಕು," ಅಂದಳು.

ಉಳಿದ ಮನೆಗಳಿಗೂ ಹೋದಳು. ಒಬ್ಬ ತಂದೆ ಅವಳ ಸ್ಕೂಟರಿನ ಕೀ ಕಿತ್ತುಕೊಂಡು, ಚೇರ್ಮನ್ನನ್ನು ಕರೆದುಕೊಂಡು ಬಂದರೆ ಕೊಡುತ್ತೇನೆ ಅಂದರು, ಆಮೇಲೆ ಅವರ ಹೆಂಡತಿ ಕೊಡಿಸಿದರು. ಇನ್ನೊಂದು ಮನೆಯಲ್ಲಿ ಒಬ್ಬ ತಾಯಿ ಅವಳ ಕೈ ಹಿಡಿದು ಏನಾದರೂ ಮಾಡಿ ಎಂದು ಗೋಗರೆದಳು, ಅದು ಬೈಗುಳಕ್ಕಿಂತ ಕಷ್ಟವಾಯಿತು. ಎರಡು ದಿನದಲ್ಲಿ ಶಾಲೆಯ ಮುಂದೆ ಜನ ಸೇರಿದರು, ಪೊಲೀಸರು ಬಂದರು, ಪದ್ಮಶ್ರೀ ಠಾಣೆಯಲ್ಲಿ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೆ ಕೊಟ್ಟಳು. ಶಾಲೆಗೆ ಬೀಗ ಬಿತ್ತು. ಸಣ್ಣ ತರಗತಿಗಳಿಗೆ ಪಾಠ ಮಾಡುತ್ತಿದ್ದ, ಅವಳ ಜೊತೆ ಡಬ್ಬಿ ಹಂಚಿಕೊಂಡು ಊಟ ಮಾಡುತ್ತಿದ್ದ ಭಾಗ್ಯ ಟೀಚರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮಕ್ಕಳಿಗೆ ನ್ಯಾಯ ಕೊಡ್ಸಿದ್ಯಾ? ಅದೂ ಇಲ್ಲ. ನಮ್ಮ ಅನ್ನಾನೂ ಕಳೆದೆ," ಎಂದು ಹೇಳಿ ಹೋದಳು.

ಮಾರ್ಚಿನಲ್ಲಿ ಪರೀಕ್ಷೆಯ ಮೊದಲ ದಿನ ಬಂತು. ಕನ್ನಡ. ಪದ್ಮಶ್ರೀ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಮರಮ್ಮನ ಫೋನು ಬಂತು. ಅಷ್ಟು ದಿನದಲ್ಲಿ ಅದೇ ಮೊದಲು.

"ಮಿಸ್, ಹುಡ್ಗಿ ಯೂನಿಫಾರಂ ಹಾಕ್ಕಂಡು ಬಸ್ಸತ್ತವ್ಳೆ. ನಾನು ಎಷ್ಟು ಯೋಳಿದ್ರೂ ಕೇಳ್ನಿಲ್ಲ. ಏನಾರ ಮಾಡ್ಕಂಡಾಳು ಅಂತ ಭಯ ಆಯ್ತದೆ ಕಣ್ರವ್ವ. ಒಸಿ ನೋಡಿ."

ಪರೀಕ್ಷಾ ಕೇಂದ್ರದ ಎದುರು ಆಗಲೇ ಮಕ್ಕಳೆಲ್ಲ ಒಳಗೆ ಹೋಗಿ ಗೇಟು ಹಾಕಿದ್ದರು. ಶೃತಿ ಗೇಟಿಗೆ ಸ್ವಲ್ಪ ದೂರದಲ್ಲಿ, ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡು, ಪ್ಯಾಡು ಎದೆಗವಚಿಕೊಂಡು ನಿಂತಿದ್ದಳು. ಮಹಿಳಾ ಪೊಲೀಸೊಬ್ಬಳು ಅವಳಿಗೆ ಮನೆಗೆ ಹೋಗಮ್ಮ ಎಂದು ಮೆತ್ತಗೆ ಹೇಳುತ್ತಿದ್ದಳು.

"ಶೃತಿ, ಬಾ ಮರಿ."

"ಇಲ್ಲೇ ನಿಂತಿರ್ತೀನಿ ಮಿಸ್. ಯಾರಿಗೂ ತೊಂದ್ರೆ ಕೊಡಲ್ಲ."

ಪದ್ಮಶ್ರೀ ಅವಳನ್ನು ಎಳೆಯಲಿಲ್ಲ. ರಸ್ತೆಯಾಚೆ ಹೊಂಗೆಮರದ ಕೆಳಗೆ ಒಂದು ಕಲ್ಲುಚಪ್ಪಡಿ ಇತ್ತು, ಇಬ್ಬರೂ ಅಲ್ಲಿ ಕೂತರು. ನೀರು ಕೊಟ್ಟರೆ ಹುಡುಗಿ ಬೇಡ ಅಂದಳು. ಪರೀಕ್ಷೆ ಮುಗಿಯುವ ತನಕ ಹಾಗೇ ಕೂತಿದ್ದರು. ಪದ್ಮಶ್ರೀ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು, ಆದರೆ ಹುಡುಗಿ ಗೇಟಿನಿಂದ ಕಣ್ಣು ಕೀಳಲಿಲ್ಲ.

ಗಂಟೆ ಹೊಡೆದು ಮಕ್ಕಳು ಹೊರಬಂದರು. ಶೃತಿ ಎದ್ದು ಹೋಗಿ ಯಾವುದೋ ಹುಡುಗಿಯಿಂದ ಪ್ರಶ್ನೆಪತ್ರಿಕೆ ಕೇಳಿ ಇಸಿದುಕೊಂಡು ಬಂದಳು. ಮೊದಲನೇ ಪ್ರಶ್ನೆ ಓದಿ ಉತ್ತರ ಹೇಳಿದಳು. ಎರಡನೆಯದು ಓದಿ ಅದಕ್ಕೂ ಹೇಳಿದಳು. ಸಂಧಿ, ಸಮಾಸ, ಛಂದಸ್ಸು, ಗಾದೆ ವಿಸ್ತರಣೆ, ಒಂದನ್ನೂ ಬಿಡದೆ, ತರಗತಿಯಲ್ಲಿ ಎದ್ದು ನಿಂತು ಹೇಳುವ ದನಿಯಲ್ಲೇ ಹೇಳುತ್ತ ಹೋದಳು. ಒಂದು ಕಡೆ ತಪ್ಪಾಯಿತು. ಪದ್ಮಶ್ರೀ ತಿದ್ದಲಿಲ್ಲ. ಹುಡುಗಿಯೇ ತಡೆದು, ಸರಿಮಾಡಿಕೊಂಡು ಮುಂದೆ ಹೋದಳು. ಪ್ರಶ್ನೆಪತ್ರಿಕೆ ಕೊಟ್ಟ ಹುಡುಗಿ ಅಪ್ಪನ ಬೈಕ್ ಹತ್ತಿರ ಕಾಯುತ್ತಿದ್ದಳು. ಶೃತಿ ಅದನ್ನು ಮಡಿಸಿ ವಾಪಸು ಕೊಟ್ಟು ಬಂದಳು.

"ಪಾಸಾಗ್ತಿದ್ನಾ ಮಿಸ್?"

"ಆಗ್ತಿದ್ದೆ. ಎಲ್ರಿಗಿಂತ ಮುಂದೆ ಇರ್ತಿದ್ದೆ."

ಹುಡುಗಿ ತಲೆಯಾಡಿಸಿದಳು. ಆಮೇಲೆ ಅಳಲು ಶುರು ಮಾಡಿದವಳು ಗುರುಪುರದ ಬಸ್ಸು ಬರುವವರೆಗೂ ನಿಲ್ಲಿಸಲಿಲ್ಲ. ಪದ್ಮಶ್ರೀ ಬೆನ್ನ ಮೇಲೆ ಕೈ ಇಡಲು ಹೋದಾಗ ಭುಜ ಸರಿಸಿಕೊಂಡಳು. ಮುಂದಿನ ಪರೀಕ್ಷೆಗಳಿಗೆ ಅವಳು ಬರಲಿಲ್ಲ.

ಬೇಸಿಗೆಯೆಲ್ಲ ಪದ್ಮಶ್ರೀ ಮತ್ತೆ ಕಚೇರಿಗಳಿಗೆ ಅಲೆದಳು. ಕೆಲವರು ತಮ್ಮ ಮಕ್ಕಳನ್ನು ಮುಕ್ತ ಶಾಲೆಗೆ ಹಾಕಿದರು, ಇಬ್ಬರು ಹುಡುಗರು ಓದು ಬಿಟ್ಟು ಅಪ್ಪಂದಿರ ಜೊತೆ ತಂಬಾಕಿನ ಹೊಲಕ್ಕೆ ಹೋದರು. ಶೃತಿ ತಾಯಿಯ ಜೊತೆ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ನಿಂತಿದ್ದಾಳೆಂದು ಕೇಳಿ ಪದ್ಮಶ್ರೀ ಗುರುಪುರದ ಸರ್ಕಾರಿ ಹೈಸ್ಕೂಲಿನ ಹೆಡ್ಮಾಸ್ಟರ್ ಗುರುಸ್ವಾಮಿಯವರ ಬಳಿ ಹೋದಳು. ಅವರು ಒಮ್ಮೆ ಅವಳನ್ನು ದಿಟ್ಟಿಸಿ ನೋಡಿ, "ನಮ್ಮೂರ ಹುಡುಗೀನ ಏಳನೇ ಕ್ಲಾಸ್ ಆಗ್ತಿದ್ದಂಗೇ ಕರ್ಕೊಂಡು ಹೋದೋರು ನೀವೇ ಅಲ್ವಾ?" ಅಂದರು. ಅವಳು ಹೌದೆಂದಳು. ಅವರು ಮತ್ತೇನೂ ಕೇಳದೆ, ಇಲಾಖೆಯಿಂದ ಅನುಮತಿ ಬರೆಸಿಕೊಂಡು ಬಂದು, ಜೂನಿನಲ್ಲಿ ಶೃತಿಯನ್ನು ಹತ್ತನೇ ತರಗತಿಗೆ ಮತ್ತೆ ಸೇರಿಸಿಕೊಂಡರು. ತನಗಿಂತ ಚಿಕ್ಕವರ ಜೊತೆ, ಮತ್ತೆ ಅದೇ ಪುಸ್ತಕ. ಅವಳು ಮೈಕಿನ ಹತ್ತಿರ ಹೋಗುವುದೇ ಇಲ್ಲ, ಕೈಯೆತ್ತಿ ಉತ್ತರ ಹೇಳುವುದೂ ಇಲ್ಲ ಎಂದು ಗುರುಸ್ವಾಮಿ ಒಮ್ಮೆ ಫೋನಿನಲ್ಲಿ ಹೇಳಿದರು.

ಪದ್ಮಶ್ರೀಯನ್ನು ಬೇರೆ ಖಾಸಗಿ ಶಾಲೆಗಳು ತೆಗೆದುಕೊಳ್ಳಲಿಲ್ಲ. ಠಾಣೆಗೆ ಹೋದ ಟೀಚರ್ ಎಂಬ ಹೆಸರು ಅವಳಿಗಿಂತ ಮುಂಚೆ ಎಲ್ಲ ಕಡೆ ತಲುಪಿತ್ತು. ಕೊನೆಗೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದ ಒಳಗಿನ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಕೇಸು ಇನ್ನೂ ನಡೆಯುತ್ತಿದೆ, ಕರೆದಾಗೆಲ್ಲ ಸಾಕ್ಷಿ ಹೇಳಲು ಹೋಗುತ್ತಾಳೆ. ಚೇರ್ಮನ್ನರು ಕೋರ್ಟಿನಲ್ಲಿ ಎದುರಾದರೆ ನಮಸ್ಕಾರ ಮೇಡಂ ಎನ್ನುತ್ತಾರೆ.

ಮರುವರ್ಷ ಫಲಿತಾಂಶ ಬಂದ ದಿನ ಮಧ್ಯಾಹ್ನ ಮರಮ್ಮ ಫೋನ್ ಮಾಡಿದಳು.

"ಪಾಸಾದ್ಲು ಮಿಸ್."

"ಕನ್ನಡದಲ್ಲಿ ಎಷ್ಟು ಬಂತು ಮರಮ್ಮ?"

"ಅದೆಲ್ಲ ನಂಗೊತ್ತಿಲ್ಲ ಕಣ್ರವ್ವ. ಪಾಸು ಅಂತ ಅಷ್ಟೇ ಯೋಳುದ್ಲು, ಮಲಿಕ್ಕಂಡ್ಲು."

"ಸೈನ್ಸ್ ತಗೋತಾಳಾ?"

"ಬ್ಯಾಡ ಅಂತವ್ಳೆ. ಬೇಗ ಕೆಲ್ಸ ಸಿಗೋದು ಯಾವ್ದಾರ ಓದ್ತೀನಿ ಅಂತಾಳೆ." ಮರಮ್ಮ ದನಿ ತಗ್ಗಿಸಿ, "ನಾನ್ ಫೋನ್ ಮಾಡಿದ್ದು ಅವಳಿಗೆ ಗೊತ್ತಿಲ್ಲ. ನೀವೂ ಮಾಡಕ್ಕೋಗ್ಬ್ಯಾಡಿ," ಅಂದಳು.

"ಇಲ್ಲ, ಮಾಡಲ್ಲ," ಅಂದಳು ಪದ್ಮಶ್ರೀ.